ಎರಡನೇ ಪಾರ್ಟಿ ಯಾರು?

ವಿರಾಜಪೇಟೆಯಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಕರಾರು, ಮುಖ್ತ್ಯಾರುನಾಮೆ, ಯಾವುದು ಬಂದರೂ ಬರೆಯುತ್ತೇನೆ. ಕೊಡಗಿನಲ್ಲಿ ಈ ಕೆಲಸಕ್ಕೆ ತಾಳ್ಮೆ ಹೆಚ್ಚು ಬೇಕು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನಲ್ಲಿ ಒಂದು ಒಕ್ಕದವರ, ಅಂದರೆ ಒಂದೇ ಕುಲದವರ, ಹಕ್ಕುಗಳೆಲ್ಲ ಹೆಣೆದುಕೊಂಡಿರುತ್ತವೆ. ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರು ಒಂದು, ತೋಟ ನೋಡಿಕೊಳ್ಳುವವರ ಹೆಸರು ಇನ್ನೊಂದು, ಬೆಂಗಳೂರಿನಲ್ಲೋ ಮಸ್ಕತ್ತಿನಲ್ಲೋ ಇರುವ ಪಾಲುದಾರರ ಹೆಸರು ಮತ್ತೊಂದು. ಹಾಗಾಗಿ ಪತ್ರದ ಮೊದಲ ಪ್ಯಾರಾಕ್ಕೇ ನನ್ನ ಅರ್ಧ ದಿನ ಹೋಗುತ್ತದೆ. ಬರೆದುಕೊಡುವವರು ಯಾರು, ಬರೆಸಿಕೊಳ್ಳುವವರು ಯಾರು, ಯಾವ ಅಧಿಕಾರದ ಮೇಲೆ ಸಹಿ ಹಾಕುತ್ತಿದ್ದಾರೆ ಎಂಬುದು ಖಚಿತವಾಗಬೇಕು. ಬೆಲೆ, ಚೆಕ್ಕುಬಂದಿ, ಷೆಡ್ಯೂಲು ಎಲ್ಲ ಆಮೇಲೆ.

ಈ ಅಭ್ಯಾಸವಿಟ್ಟುಕೊಂಡು ನಾನು ಕೊಡಗನ್ನು ಆಳಿದ ಹಾಲೇರಿ ಅರಸರಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡುವೆ ನಡೆದ ಪತ್ರವ್ಯವಹಾರವನ್ನು ಓದುತ್ತಾ ಬಂದಿದ್ದೇನೆ. ಓದಿದಷ್ಟೂ ನನಗೆ ಅನಿಸಿರುವುದು ಒಂದೇ. ಕೊಡಗಿನ ಅರಸ ಯಾವಾಗಲೂ ತನ್ನ ಹೆಸರಿನಲ್ಲಿ, ತನ್ನ ಮಾತಿನ ಹೊಣೆ ಹೊತ್ತು ಬರೆದ. ಎದುರಿನವರು ಒಮ್ಮೆ ವ್ಯಾಪಾರಿಯಾಗಿ, ಒಮ್ಮೆ ದೊರೆಯಾಗಿ, ಆಯಾ ಹೊತ್ತಿಗೆ ಯಾವುದು ಲಾಭವೋ ಅದಾಗಿ ಉತ್ತರ ಕೊಟ್ಟರು. ನಲವತ್ತನಾಲ್ಕು ವರ್ಷಗಳಲ್ಲಿ ಕೊಡಗು ಕೈತಪ್ಪಿದ್ದಕ್ಕೆ ಕಾರಣಗಳು ಹಲವಿವೆ. ಆದರೆ ಈ ಒಂದು ಕಾರಣ ಕಾಗದದಲ್ಲಿಯೇ ಕಾಣುತ್ತದೆ, ಅದನ್ನು ಹೇಳಬೇಕೆಂದು ಬಹಳ ಕಾಲದಿಂದ ಮನಸ್ಸಿನಲ್ಲಿತ್ತು.

1790ರಿಂದ ಶುರು ಮಾಡುತ್ತೇನೆ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ಪಡೆಗಳನ್ನು ಕೊಡಗಿನಿಂದ ಒಂದೊಂದೇ ಕಡೆ ಹಿಮ್ಮೆಟ್ಟಿಸುತ್ತಿದ್ದ ಕಾಲ. ಕೈಯಲ್ಲಿ ಜನರಿದ್ದರು, ಕಾಡಿತ್ತು, ಮದ್ದುಗುಂಡು ಸಾಲದು. ಘಟ್ಟದ ಕೆಳಗೆ ತಲಚೇರಿಯಲ್ಲಿ ಕಂಪನಿಯ ಕೋಟೆ. ಅದು ಇದ್ದದ್ದೇ ಕರಿಮೆಣಸು, ಏಲಕ್ಕಿಗಾಗಿ. ಅಲ್ಲಿನ ಮುಖ್ಯಸ್ಥ ರಾಬರ್ಟ್ ಟೇಲರ್. ಆ ವರ್ಷದ ಅಕ್ಟೋಬರಿನಲ್ಲಿ ಅರಸನೂ ಟೇಲರನೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು.

ಒಪ್ಪಂದ ಚಿಕ್ಕದು. ಸೂರ್ಯಚಂದ್ರರು ಇರುವವರೆಗೆ ಎರಡೂ ಕಡೆಯವರ ನಂಬಿಕೆ ಕೆಡದೆ ನಡೆಯತಕ್ಕದ್ದು. ಟಿಪ್ಪು ಮತ್ತು ಅವನ ಮಿತ್ರರು ಇಬ್ಬರಿಗೂ ಶತ್ರುಗಳು. ಕೊಡಗಿನಲ್ಲಿ ಸಿಗುವ ಸಾಮಗ್ರಿಯನ್ನು ಅರಸನು ನ್ಯಾಯವಾದ ಬೆಲೆಗೆ ಕಂಪನಿಯ ದಂಡಿಗೆ ಒದಗಿಸತಕ್ಕದ್ದು, ಬೇರೆ ಟೋಪಿವಾಲರೊಡನೆ, ಅಂದರೆ ಬೇರೆ ಐರೋಪ್ಯರೊಡನೆ, ಸಂಬಂಧ ಇಟ್ಟುಕೊಳ್ಳತಕ್ಕದ್ದಲ್ಲ. ಟಿಪ್ಪುವಿನೊಡನೆ ಸಂಧಿಯಾಗುವ ದಿನ ಬಂದರೆ ಕಂಪನಿಯು ಕೊಡಗಿನ ಸ್ವಾತಂತ್ರ್ಯವನ್ನೂ ಅರಸನ ಹಿತವನ್ನೂ ಕಾಯತಕ್ಕದ್ದು. ಶಾಂತಿ ನೆಲೆಸುವವರೆಗೆ ಅರಸನ ಕುಟುಂಬಕ್ಕೆ ತಲಚೇರಿಯಲ್ಲಿ ಆಶ್ರಯ. ಕೊನೆಗೆ ದೇವರು, ಸೂರ್ಯ, ಚಂದ್ರ, ಭೂಮಿಯ ಸಾಕ್ಷಿ.

ಈ ಕೊನೆಯ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಈಗಲೂ ಹಳೆಯ ಕ್ರಯಪತ್ರ ತೆಗೆದರೆ 'ಪುತ್ರಪೌತ್ರ ಪಾರಂಪರ್ಯವಾಗಿ ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದು' ಎಂದು ಇರುತ್ತದೆ. ನಮ್ಮ ಶಾಸನಗಳ ಕಲ್ಲುಗಳ ಮೇಲೆ ಸೂರ್ಯಚಂದ್ರರನ್ನು ಕೆತ್ತಿರುವುದೂ ಇದಕ್ಕೇ. ಅಂದರೆ ಈ ಒಪ್ಪಂದದ ಭಾಷೆ ಕೊಡಗಿನ ಕಡೆಯದು, ಅದರಲ್ಲಿರುವ ನಂಬಿಕೆಯೂ ಕೊಡಗಿನ ಕಡೆಯದು. ಲಂಡನ್ನಿನ ಕಂಪನಿ ಆ ನಂಬಿಕೆಯ ಕೆಳಗೆ ತನ್ನ ನೌಕರನ ಸಹಿಯನ್ನು ಇರಿಸಿತು.

ಇಲ್ಲಿಯೇ ನನ್ನ ಕಸುಬಿನ ಪ್ರಶ್ನೆ ಏಳುತ್ತದೆ. ಒಂದನೇ ಪಾರ್ಟಿ ಸರಿಯಾಗಿದೆ: ಕೊಡಗಿನ ಅರಸ, ಹಾಲೇರಿ ವಂಶ, ಸ್ವಂತ ಸಹಿ. ಎರಡನೇ ಪಾರ್ಟಿ ಯಾರು? ತಲಚೇರಿಯ ವ್ಯಾಪಾರದ ಕೋಠಿಯ ಮುಖ್ಯಸ್ಥನ ಮೇಲೆ ಬೊಂಬಾಯಿಯ ಗವರ್ನರ್, ಅವನ ಮೇಲೆ ಕಲ್ಕತ್ತೆಯ ಗವರ್ನರ್ ಜನರಲ್, ಅವನ ಮೇಲೆ ಲಂಡನ್ನಿನ ನಿರ್ದೇಶಕರು, ಅವರ ಹಿಂದೆ ಷೇರುದಾರರು. ಟೇಲರನ ಮಾತು ಇವರಲ್ಲಿ ಯಾರ ಮಾತು? ಆಚಂದ್ರಾರ್ಕ ಎಂಬ ಮಾತನ್ನು ಕೊಡಬಲ್ಲವನು ಸಂತತಿಯುಳ್ಳವನು. ಹುದ್ದೆಯವನ ಮಾತು ವರ್ಗಾವಣೆಯವರೆಗೆ.

ಅರಸನ ಮಾತು ಹೇಗಿರುತ್ತಿತ್ತು ಎಂಬುದಕ್ಕೆ ಅದೇ ಕಾಲದ ಇನ್ನೊಂದು ಘಟನೆ ಇದೆ. ಮಡಿಕೇರಿ ಕೋಟೆ ಆಗ ಟಿಪ್ಪುವಿನ ಕಡೆಯ ಜಾಫರ್ ಅಲಿ ಬೇಗನ ವಶದಲ್ಲಿತ್ತು. ಒಳಗೆ ಧಾನ್ಯ ಮುಗಿಯುತ್ತಾ ಬಂದಿತ್ತು. ಅವರಿಗೆ ಸಾಮಗ್ರಿ ತರುತ್ತಿದ್ದ ದಂಡು ಕೊಡಗರ ಕೈಗೆ ಸಿಕ್ಕಿಬಿದ್ದಿತು. ಅದರ ಸರದಾರ ಖಾದರ್ ಖಾನ್ ಖೇಶ್ಗಿ. ಅರಸ ಅವನನ್ನು ಕೊಲ್ಲಲಿಲ್ಲ, ಸಾಮಗ್ರಿ ಸಮೇತ ಕೋಟೆಯೊಳಗೆ ಹೋಗಲು ಬಿಟ್ಟ! ಕಾರಣ, ಅರಸನ ಕುಟುಂಬದ ಹೆಣ್ಣುಮಗಳು ಸೆರೆಯಲ್ಲಿದ್ದಾಗ ಈ ಖಾದರ್ ಖಾನ್ ಅವಳ ಮಾನ ಕಾಪಾಡಿದ್ದ. ಆ ಋಣ ತೀರಿಸದೆ ಅವನ ಮೇಲೆ ಕೈ ಮಾಡುವುದು ಅರಸನಿಂದ ಆಗಲಿಲ್ಲ. ಆಮೇಲೆ ಕೋಟೆಯೇ ಒಪ್ಪಂದದ ಮೇಲೆ ಕೈಗೆ ಬಂತು, ಒಳಗಿದ್ದವರನ್ನು ಅರಸ ಮಾತು ಕೊಟ್ಟಂತೆ ಸುರಕ್ಷಿತವಾಗಿ ಕಳಿಸಿಕೊಟ್ಟ. ಇದೇನು ಎರಡು ಬಗೆಯ ಆಟವೋ ಎಂಬ ಅನುಮಾನ ಕಂಪನಿಯವರಿಗೆ ಬಂದದ್ದು ಸಹಜ. ಅವರ ಲೆಕ್ಕದಲ್ಲಿ ಯುದ್ಧ ಪಕ್ಷಕ್ಕೂ ಪಕ್ಷಕ್ಕೂ ನಡೆಯುವುದು. ಈ ಅರಸನಿಗೆ ಮನುಷ್ಯನಿಗೂ ಮನುಷ್ಯನಿಗೂ ನಡುವಿನ ಋಣವೇ ದೊಡ್ಡದು.

ಮುಂದೆ ಜನರಲ್ ಅಬರ್‌ಕ್ರಾಂಬಿ ಬೊಂಬಾಯಿಯ ದಂಡನ್ನು ಕರೆದುಕೊಂಡು ಮಲೆಯಾಳದ ಕಡೆಯಿಂದ ಘಟ್ಟ ಹತ್ತಿದ. ಹೆಗ್ಗಳದ ದಾರಿಯನ್ನು ಈಗ ಮಾಕುಟ್ಟದಿಂದ ಬಸ್ಸಿನಲ್ಲಿ ಬರುವವರೂ ಮಳೆಗಾಲದಲ್ಲಿ ದೇವರನ್ನು ನೆನೆಯುತ್ತಾ ದಾಟುತ್ತಾರೆ. ಆಗ ಅದರಲ್ಲಿ ಫಿರಂಗಿ ಎಳೆದರು. ಎತ್ತು, ಅಕ್ಕಿ, ಆಳು ಎಲ್ಲ ಕೊಡಗಿನವು. ಅರಸನೂ ಜನರಲನೂ ಭೇಟಿಯಾದ ನೆನಪಿಗೆ 1792ರಲ್ಲಿ ಅರಸ ಒಂದು ಪೇಟೆಯನ್ನೇ ಕಟ್ಟಿಸಿದ. ಅದೇ ನಮ್ಮ ವೀರರಾಜೇಂದ್ರಪೇಟೆ, ಈಗಿನ ವಿರಾಜಪೇಟೆ. ನಾನು ದಿನಾ ಕೂತು ಪತ್ರ ಬರೆಯುವ ಊರು ಹುಟ್ಟಿದ್ದೇ ಇಂಥ ಒಂದು ಭೇಟಿಯ ನೆನಪಿಗೆ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಅರಸ ಜಾಗ ಕೊಟ್ಟು ನೆಲೆಗೊಳಿಸಿದ್ದರಿಂದ ಎದ್ದ ಸಂತ ಅನ್ನಮ್ಮನವರ ಚರ್ಚ್ ಕೂಡ ಅದೇ ವರ್ಷದ್ದು.

1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೇಲರನ ಮಾತು ಉಳಿಯಿತೇ? ಉಳಿಯಿತು ಎನ್ನಬಹುದು. ಬಿಟ್ಟುಕೊಡಬೇಕಾದ ಸೀಮೆಗಳ ಪಟ್ಟಿಯಲ್ಲಿ ಕೊಡಗಿನ ಹೆಸರು ಕಂಡಾಗ ಟಿಪ್ಪು ಕೆರಳಿದ. ಕೊಡಗು ಇಂಗ್ಲಿಷರ ಯಾವ ಸೀಮೆಗೆ ತಾಗಿಕೊಂಡಿದೆ, ಶ್ರೀರಂಗಪಟ್ಟಣದ ಬಾಗಿಲಲ್ಲೇ ಇರುವ ನಾಡನ್ನು ಹೇಗೆ ಕೇಳುತ್ತಾರೆ ಎಂಬುದು ಅವನ ತಕರಾರು. ಅವನ ದೃಷ್ಟಿಯಿಂದ ಆ ತಕರಾರು ನ್ಯಾಯವಾದದ್ದೇ. ಆದರೂ ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟು ಬಿಡಲಿಲ್ಲ, ಮತ್ತೆ ಮುತ್ತಿಗೆಗೆ ಸಿದ್ಧನಾದ, ಟಿಪ್ಪು ಒಪ್ಪಬೇಕಾಯಿತು. ಇದಕ್ಕಾಗಿ ಕಾರ್ನ್‌ವಾಲಿಸನನ್ನು ಮೆಚ್ಚುವವರಿದ್ದಾರೆ. ನಾನು ಆ ಪಟ್ಟಿಯನ್ನು ಬೇರೆ ರೀತಿಯಲ್ಲಿ ಓದುತ್ತೇನೆ. 1790ರಲ್ಲಿ ಕೊಡಗಿನ ಸ್ವಾತಂತ್ರ್ಯ ಕಾಯುತ್ತೇವೆ ಎಂದವರು 1792ರಲ್ಲಿ ಕೊಡಗನ್ನು ಟಿಪ್ಪುವಿನಿಂದ ತಮಗೆ ಬರೆಸಿಕೊಂಡರು. ಮರುವರ್ಷ, 1793ರಲ್ಲಿ, ಅರಸ ಕಂಪನಿಗೆ ವರ್ಷಕ್ಕೆ 8,000 ವರಹ, ಅಂದರೆ ಆಗಿನ 24,000 ರೂಪಾಯಿ ಕೊಡುವುದೆಂದಾಯಿತು. ಅರಸನೇ ಸ್ವಸಂತೋಷದಿಂದ ಒಪ್ಪಿದ ಎಂದು ಬರೆದಿದ್ದಾರೆ. ಇರಬಹುದು. ಮಿತ್ರ ಹೋಗಿ ಕಪ್ಪ ಕೊಡುವವನಾದ ಎಂಬುದಂತೂ ಕಾಗದದಲ್ಲಿ ಉಳಿಯಿತು, ಮತ್ತು ಕಾಗದದಲ್ಲಿ ಉಳಿದದ್ದೇ ಮುಂದೆ ಲೆಕ್ಕಕ್ಕೆ ಬರುವುದು.

ಇಷ್ಟಾದರೂ ಅರಸನ ಪತ್ರಗಳಲ್ಲಿ ಪ್ರೀತಿ ಕಡಿಮೆಯಾಗಲಿಲ್ಲ. 1799ರ ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ಟಿಪ್ಪು ಬೊಂಬಾಯಿಯ ದಂಡಿನ ಮೇಲೆ ಬಿದ್ದ. ಹಿಂದಿನ ದಿನ ಬೆಟ್ಟದ ಮೇಲಿನಿಂದ ಪಿರಿಯಾಪಟ್ಟಣದ ಕಡೆ ಡೇರೆಗಳು ಏಳುತ್ತಿರುವುದನ್ನೂ, ನಡುವೆ ಒಂದು ಹಸಿರು ಡೇರೆ ಇರುವುದನ್ನೂ ನೋಡಿದವರಲ್ಲಿ ಅರಸನೂ ಇದ್ದ. ಯುದ್ಧವಾದ ಮೇಲೆ ಅರಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಒಂದು ಪತ್ರ ಬರೆದ. ತಾನು ಅಲ್ಲಿಯೇ ಇದ್ದೆ, ಆ ಸೈನಿಕರ ಶಿಸ್ತು ಶೌರ್ಯವನ್ನು ವರ್ಣಿಸುವುದು ತನ್ನಿಂದಾಗದು, ನಮ್ಮ ಶಾಸ್ತ್ರ ಪುರಾಣಗಳು ಕೊಂಡಾಡುವ ಮಹಾವೀರರ ಯುದ್ಧಗಳೂ ಇದಕ್ಕೆ ಸಾಟಿಯಲ್ಲ ಎನ್ನುತ್ತಾನೆ. ಒಬ್ಬ ಅರಸ ತಾನು ಕಂಡ ಯುದ್ಧವನ್ನು ಮಹಾಭಾರತದ ಕಥೆಯ ಪಕ್ಕದಲ್ಲಿ ಇಟ್ಟು ನೋಡುತ್ತಿದ್ದಾನೆ, ಜೊತೆಯಲ್ಲಿ ನಿಂತವರನ್ನು ಮಹಾರಥರ ಸಾಲಿಗೆ ಸೇರಿಸುತ್ತಿದ್ದಾನೆ. ಕಲ್ಕತ್ತೆಯ ಕಚೇರಿಯಲ್ಲಿ ಆ ಪತ್ರ ಮಿತ್ರರಾಜನ ನಿಷ್ಠೆಗೆ ಪುರಾವೆಯಾಗಿ ಕಡತ ಸೇರಿತು.

ದಂಡಿಗೆ ಒದಗಿಸಿದ ಸಾಮಗ್ರಿಗೆ ದುಡ್ಡು ಬೇಡವೆಂದ ಅರಸ. ಟಿಪ್ಪು ಸತ್ತ ಮೇಲೆ ಕಂಪನಿ 8,000 ವರಹವನ್ನು ಮನ್ನಾ ಮಾಡಿ, ಬದಲಿಗೆ ವರ್ಷಕ್ಕೊಂದು ಆನೆ ಕಳಿಸಿದರೆ ಸಾಕು ಎಂದಿತು. ಆನೆ ಹೆಚ್ಚೋ ಕಡಿಮೆಯೋ ಎಂಬುದು ಪ್ರಶ್ನೆಯಲ್ಲ, ಕೊಡಗಿನ ಕಾಡಿಗೆ ಆನೆಯ ಬರವೂ ಇರಲಿಲ್ಲ. ಮೊತ್ತ ಮನ್ನಾ ಆಯಿತು, ಕಪ್ಪ ಎಂಬುದು ಉಳಿಯಿತು. ಜಮೀನಿನ ವ್ಯವಹಾರ ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಗೇಣಿ ಒಂದು ಬಾಳೆಗೊನೆಯಾದರೂ ಗೇಣಿಯೇ.

ಕೊಡಗಿನ ಈ ಕಥೆ ಒಂಟಿಯಲ್ಲ. ಡಚ್ಚರ ಕಂಪನಿ 1602ರಲ್ಲಿ ಹುಟ್ಟಿ, 1619ರಲ್ಲಿ ಜಾವಾ ದ್ವೀಪದಲ್ಲಿ ಬತಾವಿಯವನ್ನು ತನ್ನ ನೆಲೆ ಮಾಡಿಕೊಂಡಿತು. ಅದೇ ಇವತ್ತಿನ ಜಕಾರ್ತಾ. ಆಗ್ನೇಯ ಏಷ್ಯಾದ ಸಯಾಮ್, ಅಚೆಹ್, ಬಂತೆನ್, ಜೊಹೊರ್ ಹೀಗೆ ಎಷ್ಟೋ ಕಡೆಗಳ ಅರಸರ ಪತ್ರಗಳು ಆ ಕೋಟೆಗೆ ಬರುತ್ತಿದ್ದವು. ಬಂದ ಪತ್ರವನ್ನು ತಟ್ಟೆಯಲ್ಲಿಟ್ಟು, ಛತ್ರಿ ಹಿಡಿದು, ಮೆರವಣಿಗೆಯಲ್ಲಿ ತರುತ್ತಿದ್ದರು, ತೋಪು ಹಾರಿಸುತ್ತಿದ್ದರು. ಅರಸನೇ ಬಂದ ಹಾಗೆ ಪತ್ರಕ್ಕೆ ಮರ್ಯಾದೆ. ಆಮೇಲೆ ಗುಮಾಸ್ತರು ಅದನ್ನು ಡಚ್ ಭಾಷೆಗೆ ತಿರುಗಿಸಿ ಕೋಟೆಯ ದಿನಚರಿಯಲ್ಲಿ ನಕಲು ಮಾಡಿಡುತ್ತಿದ್ದರು. ಮೂಲ ಪತ್ರಗಳು ಬಹುಪಾಲು ಕಳೆದುಹೋದವು, ನಕಲುಗಳು ಉಳಿದವು. ಜಾವಾದ ಅರಸರು ಬತಾವಿಯದ ಗವರ್ನರ್ ಜನರಲನನ್ನು ಅಜ್ಜ ಎಂದೇ ಸಂಬೋಧಿಸಿ ಬರೆಯುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಬದಲಾಗುವ ಒಬ್ಬ ನೌಕರನನ್ನು ಅಜ್ಜ ಎನ್ನುವುದರಲ್ಲಿ ರಾಜಕೀಯವೂ ಇತ್ತು, ನಿಜ. ಆದರೂ ನಂಟಸ್ತಿಕೆಯ ಮಾತಿನಲ್ಲಿ ಹೊಣೆಯನ್ನು ಕಟ್ಟಿಹಾಕುವ ಪ್ರಯತ್ನವನ್ನು ನಾನು ಅಲ್ಲಿಯೂ ಕಾಣುತ್ತೇನೆ. ನಮ್ಮವನು ಸೂರ್ಯಚಂದ್ರರನ್ನು ಕರೆದ, ಅವರು ಅಜ್ಜನನ್ನು ಕರೆದರು.

ದೊಡ್ಡವೀರರಾಜೇಂದ್ರನ ಕೊನೆಯ ವರ್ಷಗಳು ನನ್ನನ್ನು ಬಹಳ ಕಾಡುತ್ತವೆ. ಗಂಡು ಸಂತಾನವಿಲ್ಲ. ಪ್ರೀತಿಯ ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡಳು. ಮಗಳು ದೇವಮ್ಮಾಜಿಗೆ ಪಟ್ಟ ಉಳಿಯಬೇಕು, ಅದಕ್ಕೆ ಕಂಪನಿ ಹೊಣೆ ನಿಲ್ಲಬೇಕು ಎಂದು ಅರಸ ಬರೆದ. ಆ ಹೊತ್ತಿಗೆ ಟೇಲರ್ ಇಲ್ಲ, ಅಬರ್‌ಕ್ರಾಂಬಿ ಇಲ್ಲ, ವೆಲ್ಲೆಸ್ಲಿಯೂ ಊರಿಗೆ ಹೋಗಿಯಾಗಿತ್ತು. ಪ್ರತಿ ಸಲವೂ ಹೊಸಬರಿಗೆ ಹಳೆಯ ಸ್ನೇಹವನ್ನು ಮೊದಲಿನಿಂದ ಹೇಳಬೇಕು. 1633ರಿಂದ 1807ರವರೆಗಿನ ತನ್ನ ವಂಶದ ಚರಿತ್ರೆಯನ್ನು ಅವನು ಕನ್ನಡದಲ್ಲಿ ಬರೆಸಿದ್ದು ಇದೇ ಸಮಯದಲ್ಲಿ, ಅದೇ ರಾಜೇಂದ್ರನಾಮೆ. 1808ರಲ್ಲಿಯೇ ಅದು ಇಂಗ್ಲಿಷಿಗೂ ಬಂತು. ನಾನು ಅದನ್ನು ಒಂದು ಉದ್ದವಾದ ಹಕ್ಕುಪತ್ರದಂತೆ ಓದುತ್ತೇನೆ: ನಾವು ಯಾರು, ಈ ನಾಡು ನಮಗೆ ಹೇಗೆ ಬಂತು, ನಿಮಗಾಗಿ ಏನು ಮಾಡಿದೆವು. 1809ರಲ್ಲಿ ಅರಸ ತೀರಿಕೊಂಡ. ದೇವಮ್ಮಾಜಿಗೆ ಪಟ್ಟವಾಯಿತು, ಎರಡು ವರ್ಷದೊಳಗೆ ಚಿಕ್ಕಪ್ಪ ಲಿಂಗರಾಜೇಂದ್ರ ತಾನೇ ಅರಸನಾದ. ಕಂಪನಿ ಅವನನ್ನೂ ಒಪ್ಪಿಕೊಂಡಿತು.

ಲಿಂಗರಾಜನ ಕಾಲವನ್ನು ಬಿಟ್ಟು ಮುಂದೆ ಹೋಗುತ್ತೇನೆ, ಅವನ ಶಿಸ್ತಿನ ಲೆಕ್ಕಗಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಅವನ ಮಗ ಚಿಕವೀರರಾಜ. ಅವನ ಕ್ರೌರ್ಯವನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಬಂಧುಗಳನ್ನೇ ಕೊಲ್ಲಿಸಿದವನು ಅವನು. 1832ರಲ್ಲಿ ಅವನ ತಂಗಿ, ಹಿಂದಿನ ರಾಣಿಯ ಹೆಸರನ್ನೇ ಹೊತ್ತ ಇನ್ನೊಬ್ಬ ದೇವಮ್ಮಾಜಿ, ಅವಳ ಗಂಡ ಚನ್ನಬಸಪ್ಪ ಪ್ರಾಣಭಯದಿಂದ ಮೈಸೂರಿನ ಕಡೆಗೆ ಓಡಿ ಕಂಪನಿಯ ಆಶ್ರಯ ಪಡೆದರು. ಅವರನ್ನು ಹಿಂದಕ್ಕೆ ಕೊಡಿ ಎಂದು ಅರಸ ಮೇಲಿಂದ ಮೇಲೆ ಬರೆದ, ಕಂಪನಿ ಕೊಡಲಿಲ್ಲ. ಮಾತುಕತೆಗೆ ಬಂದ ಕಂಪನಿಯ ಕಡೆಯ ಕರುಣಾಕರ ಮೆನನ್‌ರನ್ನು ಅರಸ ಹಿಡಿದಿಟ್ಟುಕೊಂಡ. ಅವರನ್ನು ಕೊಡುವವರೆಗೆ ಇವನನ್ನು ಬಿಡುವುದಿಲ್ಲ ಎಂಬುದು ಅವನ ಹಟ. ಪತ್ರಗಳ ಧಾಟಿ ಕೆಟ್ಟಿತು.

ಕಂಪನಿಯ ಕರ್ನಲ್ ಫ್ರೇಜರ್ 1834ರ ಮಾರ್ಚ್ 15ರಂದು ಬೆಂಗಳೂರಿನಿಂದ ಹೊರಡಿಸಿದ ಘೋಷಣೆಯನ್ನು ಗಮನಿಸಬೇಕು. ಕೊಡಗಿನ ಅರಸನು ಬ್ರಿಟಿಷ್ ಸರ್ಕಾರದ ಸ್ನೇಹಕ್ಕೂ ರಕ್ಷಣೆಗೂ ಅನರ್ಹನಾಗಿದ್ದಾನೆ ಎನ್ನುತ್ತದೆ ಅದು. ಪ್ರಜೆಗಳ ಮೇಲಿನ ದೌರ್ಜನ್ಯ, ಮೆನನ್‌ರ ಬಂಧನ, ಇವುಗಳ ಜೊತೆಗೆ ಒಂದು ಆರೋಪ ಹೀಗಿದೆ: ಮದರಾಸಿನ ಗವರ್ನರನಿಗೂ ಗವರ್ನರ್ ಜನರಲನಿಗೂ ಅರಸ ಅವಮಾನಕರವಾದ ಪತ್ರಗಳನ್ನು ಬರೆದಿದ್ದಾನೆ. ಪತ್ರದ ಧಾಟಿಯೇ ರಾಜ್ಯ ಕಳೆದುಕೊಳ್ಳುವ ಕಾರಣಗಳಲ್ಲಿ ಒಂದಾಯಿತು. ಸೂರ್ಯಚಂದ್ರರ ಸಾಕ್ಷಿಯ ಒಪ್ಪಂದದಲ್ಲಿ ಇಂಥ ಷರತ್ತು ಇರಲಿಲ್ಲ. ಸಮಾನರ ನಡುವೆ ಕಟುವಾದ ಪತ್ರಗಳು ಹೋಗಿಬರುತ್ತವೆ. ಅಧೀನನು ಬರೆದಾಗ ಮಾತ್ರ ಅದು ಅವಿಧೇಯತೆ.

ಏಪ್ರಿಲ್ 6ರಂದು ಮಡಿಕೇರಿಯಲ್ಲಿ ಕಂಪನಿಯ ಬಾವುಟ ಏರಿತು. ನಾಲ್ಕುನಾಡಿನ ಅರಮನೆಯಲ್ಲಿದ್ದ ಅರಸ ಬಂದು 10ರಂದು ಶರಣಾದ. ಮೇ 7ರ ಘೋಷಣೆ ಕೊಡಗಿನ ಜನರೆಲ್ಲರ ಒಮ್ಮತದ ಇಚ್ಛೆಯಂತೆ ನಾಡನ್ನು ಕಂಪನಿಯ ಆಳ್ವಿಕೆಗೆ ಸೇರಿಸಿದೆ ಎಂದಿತು. ಒಮ್ಮತ ಎಂಬುದನ್ನು ನಾನು ಒಪ್ಪುವುದಿಲ್ಲ. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ರೈತರು ಬಂಡಾಯವೆದ್ದರು.

ಎರಡನೇ ಪಾರ್ಟಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಲಂಡನ್ನಿನಲ್ಲಿ. ವೆಲ್ಲೂರು, ಕಾಶಿ ಎಂದು ಸೆರೆಯಲ್ಲಿ ವರ್ಷಗಳನ್ನು ಕಳೆದ ಚಿಕವೀರರಾಜ 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಮಗಳ ದೀಕ್ಷಾಸ್ನಾನಕ್ಕೆ ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಅವನು ಅಲ್ಲಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ ಸಂಗತಿಯನ್ನು ಹೇಳುವವರು ಕಡಿಮೆ. ದಾವೆ ಕಂಪನಿಯದೇ ಸಾಲಪತ್ರಗಳ ಬಗ್ಗೆ. ಹಾಲೇರಿ ಮನೆತನ ಕಂಪನಿಯಲ್ಲಿ ಹಣ ತೊಡಗಿಸಿತ್ತು, ಕಂಪನಿ ಬಡ್ಡಿ ಕೊಡುತ್ತಿತ್ತು, 1834ರಲ್ಲಿ ಆ ಪತ್ರಗಳನ್ನೂ ಕಂಪನಿಯೇ ವಶಪಡಿಸಿಕೊಂಡಿತು. ರಾಜ್ಯ ಹೋಯಿತು ಸರಿ, ಇದು ನನ್ನ ಖಾಸಗಿ ಆಸ್ತಿ, ಸಾಲ ತೆಗೆದುಕೊಂಡ ವ್ಯಾಪಾರಿ ತೀರಿಸಬೇಕು ಎಂಬುದು ವಾದ. ಎಷ್ಟು ಸರಳವಾದ ವಾದ! ನನ್ನ ಬಳಿ ಬಂದಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಚಿಕವೀರರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಮರುವರ್ಷ ದಾವೆ ವಜಾ ಆಯಿತು. ನ್ಯಾಯಾಲಯ ಹೇಳಿದ್ದು ಇಷ್ಟು: ಕಂಪನಿಯು ಆ ಪತ್ರಗಳನ್ನು ವಶಪಡಿಸಿಕೊಂಡದ್ದು ವ್ಯಾಪಾರಿಯಾಗಿ ಅಲ್ಲ, ಯುದ್ಧದಲ್ಲಿ ರಾಜ್ಯಾಧಿಕಾರ ಚಲಾಯಿಸಿ. ಅದು ನ್ಯಾಯಾಲಯ ವಿಚಾರಿಸುವ ವಿಷಯವಲ್ಲ.

ಸಾಲ ಪಡೆಯುವಾಗ ವ್ಯಾಪಾರಿ, ಸಾಲಪತ್ರ ಕಿತ್ತುಕೊಳ್ಳುವಾಗ ದೊರೆ. 1790ರಲ್ಲಿ ಅರಸನ ಎದುರಿಗೆ ಕೂತವರು ಯಾರೆಂದು ಎಪ್ಪತ್ತು ವರ್ಷಗಳ ಮೇಲೆ ಅವರದೇ ನ್ಯಾಯಾಲಯ ಹೇಳಿತು.

ಇದನ್ನೆಲ್ಲ ಬರೆಯುವುದಕ್ಕೆ ಇನ್ನೊಂದು ಉದ್ದೇಶವೂ ಇದೆ. ನಾವು ಓದುತ್ತಿರುವುದು ಹೆಚ್ಚಾಗಿ ಕಂಪನಿಯ ಕಚೇರಿಗಳಲ್ಲಿ ಇಂಗ್ಲಿಷಿಗೆ ತಿರುಗಿದ ಪ್ರತಿಗಳನ್ನು. ಅರಸರ ಕನ್ನಡ ಎಷ್ಟು ಬಿಗಿಯಾಗಿತ್ತು, ಹೇಗೆ ವಿಷಯಕ್ಕೆ ಬರುತ್ತಿದ್ದರು ಎಂಬುದು ಅವರು ಇಲ್ಲಿನವರಿಗೇ ಬರೆಸಿದ ನಿರೂಪ, ಸನ್ನದುಗಳನ್ನು, ಅಂದರೆ ಆಜ್ಞಾಪತ್ರ, ಹಕ್ಕುಪತ್ರಗಳನ್ನು ನೋಡಿದರೆ ತಿಳಿಯುತ್ತದೆ. ಒಮ್ಮೆ ಒಬ್ಬ ಹಿರಿಯರು ಜಮ್ಮಾ ದಾಖಲೆ ಹುಡುಕುತ್ತಾ ಒಕ್ಕದ ಮೂಲಮನೆಯಾದ ಐನ್‌ಮನೆಯ ಪೆಟ್ಟಿಗೆಯನ್ನೇ ಕಾರಿನಲ್ಲಿಟ್ಟುಕೊಂಡು ನನ್ನಲ್ಲಿಗೆ ತಂದಿದ್ದರು. ಪಹಣಿ, ಕಂದಾಯ ರಸೀತಿಗಳ ಅಡಿಯಲ್ಲಿ ಬಟ್ಟೆ ಸುತ್ತಿದ ಒಂದು ಸನ್ನದಿತ್ತು. ಮಡಿಕೆಯ ಗೆರೆಯುದ್ದಕ್ಕೂ ಕಾಗದ ಹರಿದಿತ್ತು, ಶಾಯಿ ಮಾತ್ರ ಕಪ್ಪಾಗಿಯೇ ಉಳಿದಿತ್ತು. "ಇದು ಬೇಕಾಗುತ್ತದೆಯೇ, ಸುಡುವುದೇ?" ಎಂದು ಕೇಳಿದರು. "ದಮ್ಮಯ್ಯ, ಸುಡಬೇಡಿ" ಎಂದೆ. ನಿಮ್ಮ ಐನ್‌ಮನೆಗಳಲ್ಲಿ, ಮಠಗಳಲ್ಲಿ, ಹಳೆಯ ಶಾನುಭೋಗರ ಮನೆಗಳಲ್ಲಿ ಇಂಥವು ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಟೇಪು ಅಂಟಿಸಬೇಡಿ. ಮಳೆಗಾಲ ಹಿಡಿಯುವ ಮೊದಲೇ ಹೊರತೆಗೆದು, ನೆರಳಿನಲ್ಲಿ ಬಿಡಿಸಿಟ್ಟು, ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಮುದ್ರೆ ಇರುವ ಮೂಲೆಯನ್ನು ಬೇರೆಯಾಗಿ ಹತ್ತಿರದಿಂದ ತೆಗೆಯಿರಿ. ಓದಲು ಬಾರದಿದ್ದರೆ ತನ್ನಿ, ಕೂತು ಓದೋಣ.